ಈ ದೇಹ ಯಾರ ಕಣ್ಣಿಗಾಗಿ?

ಕಳೆದ ಚಳಿಗಾಲದ ಮಾತು. ಸಿಂದಗಿಯಲ್ಲಿ ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಿಂದೆ ನನ್ನಲ್ಲಿ ಮಕ್ತಬ್ ಓದಿದ್ದ ಹುಡುಗನೊಬ್ಬ ಹತ್ತಿರ ಬಂದು, "ಹಜ್ರತ್, ಜಿಮ್ಮಿಗೆ ಹೋಗೂದು ಜಾಯಿಝ್ ಐತೇನ್ರಿ?" ಎಂದು ಕೇಳಿದ. ನಾನು ಯೋಚಿಸುವ ಗೋಜಿಗೇ ಹೋಗಲಿಲ್ಲ. ದುರ್ಬಲನಾದ ವಿಶ್ವಾಸಿಗಿಂತ ಬಲಶಾಲಿಯಾದ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಆದರೆ ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿವರ್ಯರು(ಸ) ಹೇಳಿದ್ದನ್ನು ನೆನಪಿಸಿ, "ಹೋಗಪ್ಪಾ, ನಮಾಝ್ ಮಾತ್ರ ತಪ್ಪಿಸಬ್ಯಾಡ" ಎಂದು ಬೆನ್ನು ತಟ್ಟಿ ಕಳಿಸಿದೆ.

ಅದೇ ವಾರ, ಇಂಡಿಗೆ ಕೊಟ್ಟಿರುವ ನನ್ನ ತಂಗಿ ತವರಿಗೆ ಬಂದಿದ್ದಳು. ಎರಡು ಹೆರಿಗೆಯಾಗಿದೆ. ಮೊಣಕಾಲು ನೋವು. ರಕ್ತದ ಸಕ್ಕರೆ ಗಡಿ ಮುಟ್ಟಿದೆ, ದಿನಾಲೂ ಅರ್ಧ ಗಂಟೆ ನಡೆಯಲೇಬೇಕು ಎಂದು ವೈದ್ಯರು ಹೇಳಿದ್ದರು. "ಭಾಯಿಜಾನ್, ಫಜ್ರ್ ಆದ ಮ್ಯಾಲ ಸಾಲಿ ಮೈದಾನದಾಗ ನಾಕು ಸುತ್ತು ಹಾಕಿ ಬರ್ಲೇನು?" ಎಂದು ಕೇಳಿದಳು. ಈ ಸಲವೂ ನಾನು ಯೋಚಿಸಲಿಲ್ಲ. "ಮಂದಿ ಏನಂತಾರವ್ವಾ? ಅಂಗಳದಾಗ ಅಡ್ಡಾಡು" ಎಂದೆ. ನಮ್ಮ ಅಂಗಳ ಆರು ಹೆಜ್ಜೆಗೆ ಮುಗಿಯುತ್ತದೆ. ಅದೂ ಅರ್ಧ ಭಾಗ ನೀರಿನ ತೊಟ್ಟಿ.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. "ಆ ಹುಡುಗಗ ಹದೀಸ್ ಹೇಳಿ ಕಳಿಸಿದ್ರಿ, ಇಕಿಗೆ ಮಂದಿ ಹೆಸರು ಹೇಳಿ ಕುಂದ್ರಿಸಿದ್ರಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದೇ ಪ್ರಶ್ನೆಗೆ ನಾನು ಎರಡು ಉತ್ತರ ಕೊಟ್ಟಿದ್ದೆ, ಮತ್ತು ಎರಡನೆಯದರಲ್ಲಿ ದೀನ್ ಇರಲಿಲ್ಲ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಗಂಡು ಯಾಕೆ ಬೆವರು ಸುರಿಸುತ್ತಾನೆ? ಹೆಣ್ಣು ಯಾಕೆ ಸುರಿಸುತ್ತಾಳೆ, ಅಥವಾ ಯಾಕೆ ಸುರಿಸುವುದಿಲ್ಲ? ಅವರಿಬ್ಬರೂ ತಮ್ಮ ದೇಹದಿಂದ ಬಯಸುವುದಾದರೂ ಏನು? ಇದು ಆರೋಗ್ಯ ಇಲಾಖೆಯವರ ಪ್ರಶ್ನೆಯೆಂದು ನಮಗೆ ತೋರಬಹುದು. ಆದರೆ 'ಯಾಕೆ' ಎಂದು ಕೇಳಿದ ಕ್ಷಣವೇ ಅದು ನಿಯ್ಯತ್ತಿನ ಪ್ರಶ್ನೆಯಾಗುತ್ತದೆ. ಇಮಾಮ್ ಬುಖಾರಿಯವರು(ರ) ತಮ್ಮ ಸಂಗ್ರಹವನ್ನು ಆರಂಭಿಸಿರುವುದೇ ನಿಯ್ಯತ್ತಿನ ಹದೀಸಿನಿಂದ.

ಪಾಠ ಹೇಳುವುದು ಸಿಂದಗಿಯಲ್ಲಿ, ತಂಗಿಯ ಮನೆ ಇಂಡಿಯಲ್ಲಿ, ಮಾವನವರ ಮನೆ ಮುದ್ದೇಬಿಹಾಳದಲ್ಲಿ, ಗೆಳೆಯರು ಬಸವನ ಬಾಗೇವಾಡಿಯಲ್ಲಿ. ಹೀಗಾಗಿ ತಿಂಗಳಿಗೊಮ್ಮೆಯಾದರೂ ಈ ನಾಲ್ಕು ತಾಲೂಕುಗಳ ಬಸ್ಸು ಹತ್ತುವವನು ನಾನು. ಕಣ್ಣಿಗೆ ಬಿದ್ದದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಗಂಡಸರ ಅಂಗಸಾಧನೆ ಹೊಸದಲ್ಲ. ಊರೂರಿಗೆ ಗರಡಿಮನೆ ಇತ್ತು, ಮುಸ್ಲಿಮರ ಓಣಿಗಳಲ್ಲಿ ತಾಲೀಮು ಇತ್ತು. ಕೆಂಪು ಮಣ್ಣು, ದಂಡ, ಬೈಠಕ್, ಕುಸ್ತಿ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಎತ್ತುವುದು ಇಂದಿಗೂ ನಡೆಯುತ್ತದೆ. 1910ರಲ್ಲಿ ಲಂಡನ್ನಿಗೆ ಹೋಗಿ ಯುರೋಪಿನ ಜಟ್ಟಿಗಳೊಡನೆ ಸೆಣಸಿ ಬಂದ ಗಾಮಾ ಪೈಲ್ವಾನರ ಹೆಸರನ್ನು ನಮ್ಮ ಅಜ್ಜಂದಿರು ಸ್ವಂತ ಬಂಧುವಿನ ಹೆಸರಿನಂತೆ ಹೇಳುತ್ತಿದ್ದರು. ಆ ತಾಲೀಮುಗಳಲ್ಲಿ ದೋಷವಿರಲಿಲ್ಲ ಎನ್ನಲಾರೆ. ಲಂಗೋಟಿಯಲ್ಲಿ ತೊಡೆ ಕಾಣುತ್ತದೆಂದು ನಮ್ಮ ಉಲಮಾಗಳು ಎತ್ತಿದ ಆಕ್ಷೇಪ ಸರಿಯಾದದ್ದೇ. ಆದರೆ ಒಂದು ಮಾತು ಗಮನಿಸಬೇಕು. ಗರಡಿಯಲ್ಲಿ ಬಲದ ಅಳತೆಗೋಲು ಕಲ್ಲಾಗಿತ್ತು, ಇಲ್ಲವೆ ಎದುರಾಳಿಯಾಗಿದ್ದ. ಕಲ್ಲು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ನೋಡುವವರಿಗೆ ನೀವು ಹೇಗೆ ಕಾಣಿಸಿದಿರಿ ಎಂಬುದು ಕಲ್ಲಿಗೆ ಸಂಬಂಧಿಸಿದ್ದಲ್ಲ.

ಇಂದಿನ ಜಿಮ್ಮಿನಲ್ಲಿ ನಾಲ್ಕು ಗೋಡೆಗೂ ಕನ್ನಡಿ. ನನ್ನ ಹಳೆಯ ವಿದ್ಯಾರ್ಥಿಯನ್ನು ಕೆಲವು ತಿಂಗಳ ಬಳಿಕ ಕಂಡಾಗ ತೋಳು ದಪ್ಪವಾಗಿತ್ತು, ಅಂಗಿ ಬಿಗಿಯಾಗಿತ್ತು, ಆದರೆ ಮುಖದಲ್ಲಿ ಸಂತೋಷವಿರಲಿಲ್ಲ. "ಇನ್ನೂ ಆಗಿಲ್ರಿ ಹಜ್ರತ್" ಎಂದ. ಎಷ್ಟಾದರೆ ಆಯಿತು ಎಂದು ಕೇಳಿದೆ. ಮೊಬೈಲಿನಲ್ಲಿ ಒಬ್ಬ ನಟನ ಚಿತ್ರ ತೋರಿಸಿದ. ಆ ನಟನಿಗೆ ಅಡುಗೆಯವನೊಬ್ಬ, ತರಬೇತಿಯವನೊಬ್ಬ, ಬೆಳಕು ಬಿಡುವವನೊಬ್ಬ ಇರುತ್ತಾನೆ. ಈ ಹುಡುಗನ ತಂದೆ ಹಮಾಲಿ ಕೆಲಸ ಮಾಡುತ್ತಾರೆ. ದಿನಕ್ಕೆ ಎಷ್ಟು ಚೀಲ ಹೊರುತ್ತಾರೋ ಲೆಕ್ಕವಿಲ್ಲ. ಅವರ ಬೆನ್ನಿನ ಬಲವನ್ನು ಯಾರೂ ಚಿತ್ರ ತೆಗೆದಿಲ್ಲ.

ಇಂಥ ಹುಡುಗರು ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಪುಡಿಯಲ್ಲಿ, ಗುಳಿಗೆಯಲ್ಲಿ ಹರಾಮ್ ಜಿಲೆಟಿನ್ ಇದೆಯೇ ಎಂದು ನನ್ನನ್ನು ಕೇಳುವವರಿದ್ದಾರೆ. ಒಳ್ಳೆಯದೇ. ಆದರೆ ಗೆಳೆಯನೊಬ್ಬ ಕೊಟ್ಟ ಸೂಜಿಮದ್ದನ್ನು ವೈದ್ಯರಿಗೆ ತೋರಿಸದೆ ಚುಚ್ಚಿಕೊಳ್ಳಬಹುದೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ಮಾಂಸಖಂಡ ಬೇಗ ಬೆಳೆಸುವ ಸ್ಟೆರಾಯ್ಡ್ ಮದ್ದುಗಳು ಹೃದಯಕ್ಕೂ ಯಕೃತ್ತಿಗೂ ಕೆಡುಕು ಮಾಡುತ್ತವೆ. ಗಂಡಿನ ದೇಹ ತಾನೇ ತಯಾರಿಸುವ ಹಾರ್ಮೋನನ್ನು ನಿಲ್ಲಿಸಿ ವೀರ್ಯಾಣುಗಳನ್ನು ಕುಂದಿಸುತ್ತವೆ. ಕೆಲವರಲ್ಲಿ ಸ್ತನ ಬೆಳೆಯುವುದೂ ಉಂಟು. ಗಂಡಸುತನ ಕಾಣಿಸಬೇಕೆಂದು ಹೊರಟವನು ಅದನ್ನೇ ಕಳೆದುಕೊಂಡು ಬರುವುದು ಎಂಥ ವ್ಯಾಪಾರ!

ಇನ್ನು ಹೆಣ್ಣುಮಕ್ಕಳ ಕಡೆ ನೋಡೋಣ. ಮುದ್ದೇಬಿಹಾಳದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಹುಡುಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹದಿನೈದು ದಿನ ಮುಂಚಿನಿಂದ ಆ ಮಗುವಿಗೆ ರಾತ್ರಿಯ ರೊಟ್ಟಿ ನಿಂತಿತು. ಬೆಳಿಗ್ಗೆ ಬಿಸಿನೀರಿಗೆ ಲಿಂಬೆಹಣ್ಣು. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ನೋಡಿ ಕುಣಿತದಂಥ ವ್ಯಾಯಾಮ. ತಾಯಿಯೇ ಮುಂದೆ ನಿಂತು ಮಾಡಿಸಿದರು. ತಾಯಿಗೆ ಕೆಟ್ಟ ಉದ್ದೇಶವಿರಲಿಲ್ಲ, ಹಿಂದೆ ಬಂದ ಒಂದು ಮನೆಯವರು "ಹುಡುಗಿ ಸ್ವಲ್ಪ ದಪ್ಪ" ಎಂದು ಹೇಳಿಕಳಿಸಿದ್ದರು. ನಿಕಾಹ್ ಆಯಿತು. ಮರುದಿನದಿಂದ ವ್ಯಾಯಾಮ ನಿಂತಿತು. ಯಾಕೆಂದರೆ ಅದು ಯಾವ ಕಣ್ಣಿಗಾಗಿ ನಡೆದಿತ್ತೋ ಆ ಕಣ್ಣಿನ ಕೆಲಸ ಮುಗಿದಿತ್ತು.

ವ್ಯಾಯಾಮದ ಪ್ರೇರಣೆಯ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಗಂಡಸರು ಬಲ, ಸ್ಪರ್ಧೆ, ಮಾಂಸಖಂಡ ಎನ್ನುತ್ತಾರೆ. ಹೆಂಗಸರು ತೂಕ ಇಳಿಸುವುದು, ಚೆನ್ನಾಗಿ ಕಾಣುವುದು ಎನ್ನುತ್ತಾರೆ. ಅಂದರೆ ಗಂಡು ಇನ್ನೂ ದೊಡ್ಡವನಾಗಬೇಕೆಂದು, ಹೆಣ್ಣು ಇನ್ನೂ ಚಿಕ್ಕವಳಾಗಬೇಕೆಂದು ಬೆವರುತ್ತಾರೆ. ಒಬ್ಬರಿಗೆ ಜಾಗ ಸಾಲದು. ಇನ್ನೊಬ್ಬರು ತಾವಿರುವ ಜಾಗಕ್ಕೂ ಕ್ಷಮೆ ಕೇಳುವವರಂತೆ ಕುಗ್ಗುತ್ತಾರೆ.

ಇದು ಪ್ರಕೃತಿಯೇ ಮಾಡಿದ ಭೇದವಲ್ಲವೇ ಎಂದು ಕೇಳುವವರಿದ್ದಾರೆ. ಭೇದವಿರುವುದು ನಿಜ. ಪ್ರಾಯಕ್ಕೆ ಬಂದ ಗಂಡಿನಲ್ಲಿ ಮಾಂಸಖಂಡ ಹೆಚ್ಚು ಬೆಳೆಯುತ್ತದೆ. ಹೆಣ್ಣಿನಲ್ಲಿ ಬಸಿರು ಬಾಣಂತನಗಳಿಗೆ ಬೇಕಾದ ಕೊಬ್ಬು ಕೂಡಿಡಲ್ಪಡುತ್ತದೆ. ಇದು ಸೃಷ್ಟಿಕರ್ತನ ಏರ್ಪಾಡು. ಆದರೆ ಏರ್ಪಾಡು ಬೇರೆ, ಅದರ ಬಗ್ಗೆ ನಾಚಿಕೆಪಡುವುದು ಬೇರೆ. ತನ್ನ ಸೊಂಟವನ್ನು ಶತ್ರುವೆಂದು ಬಗೆಯುವುದನ್ನು ಯಾವ ಹೆಣ್ಣೂ ಹುಟ್ಟುತ್ತಲೇ ಕಲಿತು ಬರುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಇದೇ ನಾಲ್ಕು ತಾಲೂಕುಗಳಲ್ಲಿ ಸೊಸೆಯನ್ನು ಹೊಗಳುವಾಗ ಏನೆನ್ನುತ್ತಿದ್ದರು? ಬೀಸುಕಲ್ಲಿನ ಮುಂದೆ ಕುಳಿತರೆ ಜೋಳ ಮುಗಿಯುವ ತನಕ ಏಳುವವಳಲ್ಲ, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ತರುತ್ತಾಳೆ, ಕೈ ಗಟ್ಟಿ, ಎನ್ನುತ್ತಿದ್ದರು. ಹೆಣ್ಣಿನ ಬಲಕ್ಕೆ ಹೆಸರಿತ್ತು. (ಆ ಕಾಲವನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದೇ ಬೀಸುಕಲ್ಲು, ಅದೇ ಕೊಡ ಎಷ್ಟೋ ಅಜ್ಜಿಯರ ಸೊಂಟ ಮುರಿದವು.) ಹಿಟ್ಟಿನ ಗಿರಣಿ ಬಂತು, ಮನೆಗೆ ನಳ ಬಂತು. ಒಳ್ಳೆಯದೇ ಆಯಿತು. ಆದರೆ ಹೋದ ಬಲದ ಜಾಗಕ್ಕೆ ಬೇರೆ ಬಲ ಬರಲಿಲ್ಲ. ಸಿನಿಮಾದಿಂದ 'ತೆಳ್ಳಗೆ, ಬೆಳ್ಳಗೆ' ಎಂಬ ಎರಡು ಶಬ್ದಗಳು ಬಂದು ಕುಳಿತವು. ಹೊಲಕ್ಕೆ ಹೋಗುವ ಬಡ ಹೆಣ್ಣುಮಕ್ಕಳು, ಇಂಡಿಯ ಕಡೆ ಲಿಂಬೆ ತೋಟಗಳಲ್ಲಿ ಮುಳ್ಳಿನ ನಡುವೆ ಕೈ ಚಾಚಿ ಹಣ್ಣು ಬಿಡಿಸುವವರು, ಇಂದಿಗೂ ಗಟ್ಟಿಯಾಗಿಯೇ ಇದ್ದಾರೆ. ಕನ್ಯೆ ನೋಡಲು ಬಂದವರು ಅವರ ಬಿಸಿಲು ಕುಡಿದ ಬಣ್ಣವನ್ನು ನೋಡಿ ಮುಖ ತಿರುಗಿಸುತ್ತಾರೆ.

ಬಸವನ ಬಾಗೇವಾಡಿಯಲ್ಲಿ ಜನಿಸಿದರೆಂದು ಪ್ರಸಿದ್ಧರಾದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ದೇಹವನ್ನು ದೇಗುಲಕ್ಕೆ ಹೋಲಿಸಿದ್ದನ್ನು ಕಾಲೇಜಿನಲ್ಲಿ ಕನ್ನಡ ಓದುವಾಗ ಪಾಠವಾಗಿ ಕೇಳಿದ್ದೆ. ಆಗ ನನ್ನ ಮನಸ್ಸಿಗೆ ಬಂದದ್ದು ಮದರಸಾದಲ್ಲಿ ಕಲಿತ 'ಅಮಾನತ್' ಎಂಬ ಪದ. ಎರಡೂ ಒಂದೇ ಎಂದು ಹೇಳುತ್ತಿಲ್ಲ. ನಮ್ಮ ನಂಬಿಕೆಯ ಪ್ರಕಾರ ದೇಹ ನಮ್ಮದಲ್ಲ, ಕೆಲವು ಕಾಲ ನಮ್ಮ ವಶಕ್ಕೆ ಕೊಟ್ಟ ವಸ್ತು. ಸದಾ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹಟ ಹಿಡಿದಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿವರ್ಯರು(ಸ), ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದ್ದರು. ಆರಾಧನೆಗಾಗಿಯೂ ದೇಹದ ಹಕ್ಕನ್ನು ಕಸಿಯಬಾರದೆಂದ ಮೇಲೆ, ಗಂಡಿನವರು ನೋಡಲು ಬರುತ್ತಾರೆಂದು ಮಗಳ ರಾತ್ರಿಯೂಟ ಕಸಿಯುವುದು ಎಲ್ಲಿಯ ನ್ಯಾಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಅದು ಶೇ. 25. ಮೊದಲೇ ರಕ್ತವಿಲ್ಲದ ಮಗುವಿಗೆ ಇನ್ನೂ ಕರಗು ಎನ್ನುತ್ತಿದ್ದೇವೆ.

ಹಾಗಾದರೆ ಚೆನ್ನಾಗಿ ಕಾಣಬೇಕೆಂಬ ಆಸೆಯೇ ತಪ್ಪೇ? ಖಂಡಿತ ಅಲ್ಲ. ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂಬುದು ಹದೀಸಿನಲ್ಲಿಯೇ ಇದೆ. ಹೆಂಡತಿ ತನಗಾಗಿ ಅಲಂಕರಿಸಿಕೊಳ್ಳುವುದನ್ನು ಮೆಚ್ಚುವಂತೆ ತಾನೂ ಆಕೆಗಾಗಿ ಅಲಂಕರಿಸಿಕೊಳ್ಳಲು ಇಷ್ಟಪಡುತ್ತೇನೆಂದು ಇಬ್ನು ಅಬ್ಬಾಸ್(ರ) ಹೇಳುತ್ತಿದ್ದರು. ನಮ್ಮ ಗಂಡಸರಲ್ಲಿ ಎಷ್ಟು ಮಂದಿ ಈ ಮಾತನ್ನು ಕೇಳಿದ್ದಾರೋ! ಮದುವೆಯಾಗಿ ಐದು ವರ್ಷಕ್ಕೆ ಹೊಟ್ಟೆ ಬಿಟ್ಟು ಕುಳಿತವರು ಹೆಂಡತಿಯ ಸೊಂಟದ ಅಳತೆ ಮಾತಾಡುವುದನ್ನು ಹೋಟೆಲುಗಳಲ್ಲಿ ನಾನೇ ಕೇಳಿದ್ದೇನೆ.

ಬಲವನ್ನು ತೋರಿಸುವುದೂ ಎಲ್ಲ ಕಾಲಕ್ಕೂ ತಪ್ಪಲ್ಲ. ಹಿಜ್ರಿ 7ರಲ್ಲಿ, ಅಂದರೆ ಕ್ರಿ.ಶ. 629ರಲ್ಲಿ, ಉಮ್ರಾಕ್ಕೆಂದು ಮಕ್ಕಾಕ್ಕೆ ಬಂದ ಮುಸ್ಲಿಮರನ್ನು ನೋಡಿ, ಯಸ್ರಿಬಿನ ಜ್ವರ ಇವರನ್ನು ಹಣ್ಣು ಮಾಡಿದೆ ಎಂದು ಕುರೈಶರು ಆಡಿಕೊಂಡರು. ಆಗ ಪ್ರವಾದಿವರ್ಯರು(ಸ) ತವಾಫಿನ ಮೊದಲ ಮೂರು ಸುತ್ತುಗಳಲ್ಲಿ ಚುರುಕಾಗಿ ಹೆಜ್ಜೆ ಹಾಕಲು ಸಂಗಾತಿಗಳಿಗೆ ಆದೇಶಿಸಿದರು. ಅದು ನೋಡುವವರ ಕಣ್ಣಿಗಾಗಿಯೇ ಇಟ್ಟ ಹೆಜ್ಜೆ. ಆದರೆ ಅದರ ಹಿಂದೆ ಇಡೀ ಸಮುದಾಯದ ಮಾನವಿತ್ತು, 'ನಾನು' ಇರಲಿಲ್ಲ.

ಮದ್‌ಯನ್‌ನ ಬಾವಿಯ ಪ್ರಸಂಗ ಎಲ್ಲರಿಗೂ ಗೊತ್ತು. ಕುರಿಗಾಹಿಗಳ ಗದ್ದಲದಿಂದ ದೂರ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ಪ್ರವಾದಿ ಮೂಸಾ(ಅ) ನೀರು ಸೇದಿ ಕುಡಿಸಿದರು. ಅವರಲ್ಲೊಬ್ಬಾಕೆ ತಂದೆಯ ಬಳಿ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹೇಳುವಾಗ ಎರಡು ಗುಣ ಹೇಳಿದಳೆಂದು ಅಲ್‌ಕಸಸ್ ಅಧ್ಯಾಯದಲ್ಲಿದೆ: ಬಲಶಾಲಿ ಮತ್ತು ಪ್ರಾಮಾಣಿಕ. ಗಂಡಿನ ಬಲವನ್ನು ಹೆಣ್ಣೊಬ್ಬಳು ಮೆಚ್ಚಿದ ಸಂದರ್ಭವಿದು. ಆಕೆ ಮೆಚ್ಚಿದ್ದು ತೋಳಿನ ಸುತ್ತಳತೆಯನ್ನಲ್ಲ, ಆ ತೋಳು ಮಾಡಿದ ಕೆಲಸವನ್ನು.

ತೆಳ್ಳಗಿರುವ ಹುಡುಗರಿಗೆ ನಾನು ಈಗ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರ ಕಥೆ ಹೇಳುತ್ತೇನೆ. ಅವರ ಕಾಲು ಬಹಳ ಸಣಕಲು. ಒಮ್ಮೆ ಅರಾಕ್ ಮರ ಹತ್ತಿದ್ದಾಗ ಗಾಳಿಗೆ ಬಟ್ಟೆ ಸರಿದು ಕಣಕಾಲು ಕಾಣಿಸಿತು, ಕೆಳಗಿದ್ದವರು ನಕ್ಕರು. ಯಾಕೆ ನಗುತ್ತೀರೆಂದು ಪ್ರವಾದಿವರ್ಯರು(ಸ) ಕೇಳಿದರು. ಆ ಕಾಲುಗಳು ಪರಲೋಕದ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವಾದವು ಎಂದರು. ಕುರ್‌ಆನಿನ ಅತಿ ದೊಡ್ಡ ವಿದ್ವಾಂಸರಲ್ಲೊಬ್ಬರ ಕಾಲುಗಳು ಅವು. ಕ್ಲಾಸಿನಲ್ಲಿ ಈ ಕಥೆ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ, ಎಲ್ಲರೂ 'ಕಡ್ಡಿ' ಎಂದು ಕರೆಯುವವನು, ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ನಾನು ಮತ್ತೆ ಮತ್ತೆ ಓದಿದ್ದು ಹ. ಆಯಿಷಾ(ರ)ರ ಓಟದ ಪ್ರಸಂಗವನ್ನು. ಮದರಸಾದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆದರೆ ಅದರಲ್ಲಿ ಏನಿದೆಯೆಂದು ನೋಡಿರಲಿಲ್ಲ. ಪ್ರಯಾಣದ ನಡುವೆ ಪ್ರವಾದಿವರ್ಯರು(ಸ) ಜೊತೆಗಿದ್ದವರನ್ನು ಮುಂದೆ ಹೋಗಲು ಹೇಳಿದರು. ಅವರು ಮುಂದೆ ಸಾಗಿದ ಬಳಿಕ ಆಯಿಷಾ(ರ)ರನ್ನು ಓಟದ ಪಂದ್ಯಕ್ಕೆ ಕರೆದರು. ಆಕೆ ಗೆದ್ದರು. ಕಾಲ ಕಳೆಯಿತು, ಆಕೆಯ ಮೈ ತುಂಬಿಕೊಂಡಿತು. ಇನ್ನೊಂದು ಪ್ರಯಾಣದಲ್ಲಿ ಹಾಗೆಯೇ ಜನರನ್ನು ಮುಂದೆ ಕಳಿಸಿ ಮತ್ತೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದರು. ನಗುತ್ತಾ, ಅಂದಿನದಕ್ಕೆ ಇದು ಸರಿಹೋಯಿತು ಎಂದರು. ಇದನ್ನು ನಮಗೆ ಹೇಳಿದವರು ಆಯಿಷಾ(ರ) ಅವರೇ. ತಾನು ದಪ್ಪಗಾಗಿದ್ದೆ ಎಂಬುದನ್ನೂ ಅವರೇ ಯಾವ ಸಂಕೋಚವಿಲ್ಲದೆ ಹೇಳಿದ್ದಾರೆ. ದಪ್ಪಗಾದ ಹೆಂಡತಿಯನ್ನು ಮತ್ತೊಮ್ಮೆ ಓಟಕ್ಕೆ ಕರೆದ ಪತಿ ಮೈಯ ಬಗ್ಗೆ ಚಕಾರವೆತ್ತಲಿಲ್ಲ.

ಇನ್ನೂ ಒಂದು ಸಂಗತಿ ಇದರಲ್ಲಿದೆ. ಅನ್ಯರ ಕಣ್ಣಿಗೆ ಬೀಳಬಾರದೆಂದು ಓಟವನ್ನೇ ರದ್ದು ಮಾಡಲಿಲ್ಲ. ಅನ್ಯರನ್ನು ಮುಂದೆ ಕಳಿಸಲಾಯಿತು. ಜಾಗ ಬಿಡಬೇಕಾದವರು ಗಂಡಸರಾಗಿದ್ದರು. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಮೈದಾನ ಹುಡುಗರಿಗೆ, ಕಟ್ಟೆ ಹಿರಿಯರಿಗೆ, ಹೆಂಗಸರಿಗೆ ಆರು ಹೆಜ್ಜೆಯ ಅಂಗಳ. ಮೇಲಿಂದ ಅದಕ್ಕೆ ಪರ್ದಾ ಎಂಬ ಹೆಸರು. ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಅಂಗಿ ಬಿಚ್ಚಿ ಮೈ ತೋರಿಸುವ ಚಿತ್ರಗಳನ್ನು ಊರಿಗೆಲ್ಲ ಕಳಿಸುವ ನಮ್ಮ ಗಂಡುಮಕ್ಕಳ ಲಜ್ಜೆಯ ಬಗ್ಗೆ ಜುಮಾ ಭಾಷಣದಲ್ಲಿ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನೂ ಮಾತಾಡಿರಲಿಲ್ಲ.

ಈ ಅನ್ಯಾಯದ ಲೆಕ್ಕ ಅಂಕಿಗಳಲ್ಲೂ ಇದೆ. ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಂಸ್ಥೆಯ ತಜ್ಞರೂ ಸೇರಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ ಶೇ. 57 ಮಂದಿಗೆ ಇಷ್ಟು ಚಲನೆ ಇರಲಿಲ್ಲ. ಗಂಡಸರಲ್ಲಿ ಅದು ಶೇ. 42. ಇದು ಎಲ್ಲ ಧರ್ಮದವರ ಲೆಕ್ಕ, ನಮ್ಮದೊಂದೇ ಅಲ್ಲ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ತಿಳಿಸಿತು. ಅವರಲ್ಲಿ ನನ್ನ ತಾಯಿಯೂ ಒಬ್ಬರು.

ತಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಜ್ಜಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಸಫಾ ಮರ್ವಾಗಳ ನಡುವೆ ಏಳು ಬಾರಿಯ ಸಈ ಎಂದರೆ ಮೂರು ಕಿಲೋಮೀಟರಿಗೂ ಮೇಲೆ. ತವಾಫ್ ಬೇರೆ, ಮಿನಾದ ನಡಿಗೆ ಬೇರೆ. ಓಣಿಯ ತಿರುವಿನ ತನಕವೂ ಕಾಲ್ನಡಿಗೆಯಲ್ಲಿ ಹೋಗದ ನಮ್ಮ ತಾಯಂದಿರು ಐವತ್ತೈದು ಅರವತ್ತರಲ್ಲಿ ಅಲ್ಲಿಗೆ ಹೋಗಿ ಕಣ್ಣೀರಿಡುತ್ತಾ ಗಾಲಿಕುರ್ಚಿಯಲ್ಲಿ ಕೂರುತ್ತಾರೆ. ಕೂರುವುದು ತಪ್ಪಲ್ಲ, ಶರೀಅತ್ ಅನುಮತಿ ಕೊಟ್ಟಿದೆ. ಆದರೆ ಆ ಸಈ ಯಾರ ನೆನಪು? ಹಸುಗೂಸಿಗೆ ನೀರು ಹುಡುಕುತ್ತಾ ಆ ಗುಡ್ಡದಿಂದ ಈ ಗುಡ್ಡಕ್ಕೆ ಓಡಿದ ಒಬ್ಬ ತಾಯಿಯದು, ಬೀಬಿ ಹಾಜಿರಾ(ಅ)ರದು. ಅವರ ಓಟ ಮೈ ಇಳಿಸಲಿಕ್ಕೂ ಅಲ್ಲ, ಬೆಳೆಸಲಿಕ್ಕೂ ಅಲ್ಲ. ಕಣಿವೆಯಲ್ಲಿ ನೋಡುವ ಒಂದು ನರಪಿಳ್ಳೆಯೂ ಇರಲಿಲ್ಲ. ಹೆಣ್ಣೊಬ್ಬಳು ಓಡಿದ ಆ ದಾರಿಯಲ್ಲಿ ಇಂದು ಹಸಿರು ದೀಪಗಳ ನಡುವೆ ಚುರುಕಾಗಿ ಓಡುವುದು ಗಂಡಸರಿಗೆ ಸುನ್ನತ್. ಹೆಂಗಸರು ಓಡಬೇಕಿಲ್ಲ, ನಡೆದರೆ ಸಾಕು. ನಡೆಯುವಷ್ಟಾದರೂ ಕಾಲು ಉಳಿದಿರಬೇಕಲ್ಲ!

ಜಮಾಅತಿನ ನಾಲ್ಕು ಮಂದಿ ಹಿರಿಯರೊಡನೆ ಈ ಮಾತು ತೆಗೆದೆ. ಒಬ್ಬರು ಸಿಟ್ಟಾದರು. "ಇವತ್ತು ಮೈದಾನ ಅಂತೀರಿ, ನಾಳೆ ಜಿಮ್ಮು ಅಂತೀರಿ" ಎಂದರು. ಅವರ ಭಯ ಸುಳ್ಳೆಂದು ನಾನು ಹೇಳಲಿಲ್ಲ, ಕನ್ನಡಿಯ ಕಾಟ ಹೆಣ್ಣುಮಕ್ಕಳನ್ನೂ ಹಿಡಿಯದೆ ಬಿಡದು. "ಚಾಚಾ, ನಿಮ್ಮ ಮನ್ಯಾಗ ಚಾಚಿ ಮೊಣಕಾಲು ಹ್ಯಾಂಗದಾವು?" ಎಂದು ಮಾತ್ರ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಫಜ್ರ್ ಬಳಿಕ ಬಿಸಿಲೇರುವ ತನಕ ಮೈದಾನದ ಗೇಟಿನ ಕಡೆ ಗಂಡಸರು ಹೋಗಬಾರದೆಂದು ಮಸೀದಿಯಲ್ಲಿ ಹೇಳಿಸಲು ಒಪ್ಪಿದರು.

ಕ್ರಿಕೆಟ್ ಆಡುವ ಹುಡುಗರು ಗೊಣಗಿದರು. ನನ್ನ ಹಳೆಯ ವಿದ್ಯಾರ್ಥಿ, ಜಿಮ್ಮಿನವನು, ಅವರಲ್ಲಿದ್ದ. ಮೊದಲ ವಾರ ನನ್ನ ತಂಗಿ, ತಾಯಿ, ಪಕ್ಕದ ಮನೆಯ ಇಬ್ಬರು, ಅಷ್ಟೇ. ತಾಯಿ ಒಂದೂವರೆ ಸುತ್ತಿಗೆ ಕಲ್ಲಿನ ಮೇಲೆ ಕುಳಿತುಬಿಟ್ಟರಂತೆ. ತಂಗಿ ಈಗ ಇಂಡಿಗೆ ಮರಳಿದ್ದಾಳೆ, ಅಲ್ಲಿ ಅತ್ತೆಯನ್ನೂ ಹೊರಡಿಸಿದ್ದೇನೆ ಎಂದು ಫೋನು ಮಾಡುತ್ತಾಳೆ. ಮೊನ್ನೆ ಫಜ್ರ್ ಮುಗಿಸಿ ಬರುವಾಗ ಆ ಹುಡುಗ ಮೈದಾನದ ರಸ್ತೆಯ ತಿರುವಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಇಲ್ಲೇನು ಮಾಡುತ್ತಿದ್ದೀಯೆಂದು ಕೇಳಿದೆ. "ಅಮ್ಮಿ ಒಳಗದಾರ್ರಿ ಹಜ್ರತ್. ನಿನ್ನೆ ಮೂರು ಸುತ್ತು ಹಾಕಿದ್ರು" ಎಂದ.